ಅಮ್ಮನ ಬೆನ್ನಿಗೆ ಒಪ್ಪಿದ ಹಾಸಿಗೆ

ಮೊನ್ನೆ ಚಿಕ್ಕಬಳ್ಳಾಪುರದ ಹಾಸಿಗೆ ಅಂಗಡಿಯೊಂದರಲ್ಲಿ ಹೊಸ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ಸ್ಪಂಜು, ಸ್ಪ್ರಿಂಗು, ತೆಂಗಿನ ನಾರು ಅಂತ ಪ್ಲಾಸ್ಟಿಕ್ ಹೊದ್ದು ಗೋಡೆಗೆ ಒರಗಿ ನಿಂತಿದ್ದ ಹಾಸಿಗೆಗಳ ಹಿಂದೆ, ಮೂಲೆಯಲ್ಲಿ, ಪಟ್ಟೆ ಬಟ್ಟೆಯ ಹತ್ತಿ ಹಾಸಿಗೆಯೊಂದು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಗಂಜಿ ಬಟ್ಟೆ, ಧೂಳು, ಬಿಸಿಲು ಎಲ್ಲ ಸೇರಿದಂಥ ವಾಸನೆ ಅದು... ಸೊಂಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನನಗೂ ಈಗ ಅಮ್ಮನ ಬೆನ್ನೇ ಬಂದಿದೆ. ಮಲಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಎಂಥ ಹಾಸಿಗೆ ಕೊಳ್ಳುವುದೆಂದು ನೋಡಲು ಹೋದವಳಿಗೆ ಶಿಡ್ಲಘಟ್ಟದ ನಮ್ಮ ಎದುರುಮನೆಯ ಖಾಲಾ ನೆನಪಾದರು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ಓದು ಮುಗಿಸಿ ಮನೆಯಲ್ಲಿದ್ದೆ. ಎದುರುಮನೆಯವರದು ಹಾಸಿಗೆ ಮಾಡುವ ಕಸುಬು. ಗಂಡಸರು ಪೇಟೆಯ ಅಂಗಡಿಯಲ್ಲಿ ಹತ್ತಿ ಎಕ್ಕಿ ಹಿಂಜಿದರೆ, ಖಾಲಾ ಮನೆಯ ಜಗಲಿಯ ಮೇಲೆ ಕೂತು ಉದ್ದ ಸೂಜಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಆ ಮನೆಯ ಮಕ್ಕಳು ಕರೆಯುವುದನ್ನು ಕೇಳಿ ನಾನೂ ಖಾಲಾ ಅನ್ನುತ್ತಿದ್ದೆ, ಅಮ್ಮನ ಅಕ್ಕತಂಗಿಯರನ್ನು ಕರೆಯುವ ಉರ್ದು ಮಾತು ಅದು. ಅಮ್ಮ ಅವರನ್ನು ಅಕ್ಕಾ ಅನ್ನುತ್ತಿದ್ದಳು. ಖಾಲಾಗೆ ಬಾಯಿ ಜಾಸ್ತಿ. ನಮ್ಮ ಮನೆಯ ಸಾರಿಗೆ ಹುಳಿ ಹೆಚ್ಚಾಯಿತೆಂದು ಬೀದಿಯ ಆ ಕಡೆಯಿಂದಲೇ ವಾಸನೆ ಹಿಡಿದು ಹೇಳುವವರು. ಅಮ್ಮನಿಗೂ ಅವರಿಗೂ ದಿನಕ್ಕೊಂದು ಜಗಳ, ದಿನಕ್ಕೊಂದು ರಾಜಿ.

ಒಂದು ಬೆಳಿಗ್ಗೆ ಅಮ್ಮ ನೀರಿನ ಬಿಂದಿಗೆ ಹೊತ್ತು ಬರುವಾಗ ಹೊಸ್ತಿಲು ಎಡವಿ ಬಿದ್ದಳು. ಮೂಳೆ ಮುರಿದಿರಲಿಲ್ಲ, ಆದರೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಡಾಕ್ಟರು ನೋಡಿ, ಗಟ್ಟಿಯಾದ ಹಾಸಿಗೆಯ ಮೇಲೆ ಮಲಗಿಸಿ, ಒಂದು ತಿಂಗಳು ನೋಡೋಣ, ವಾಸಿಯಾಗದಿದ್ದರೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಬೇಕಾಗುತ್ತದೆ ಎಂದರು. ಅಮ್ಮನ ಜೀವ ಹಾರಿಹೋಗಿದ್ದು ಆ ಮಾತಿಗೆ. ಬೆನ್ನು ಕೊಯ್ಸಿಕೊಂಡವರು ಮತ್ತೆ ಎದ್ದು ಓಡಾಡುವುದುಂಟೇ ಎಂಬುದು ಅವಳ ಭಯ. ನಿಜ ಹೇಳಬೇಕೆಂದರೆ ನಮಗೂ ಅದೇ ಭಯ.

ಅಪ್ಪ ಏನು ಮಾಡಿದರೂ ಅಚ್ಚುಕಟ್ಟಾಗಿ ಮಾಡುವವರು. ಗಟ್ಟಿ ಎಂದಮೇಲೆ ಗಟ್ಟಿಯೇ ಆಗಬೇಕು. ಮೇಲೂರಿನಲ್ಲಿ ಚಿಕ್ಕಪ್ಪ ಹಳೆಯ ಮನೆ ಕೆಡವಿಸಿದ್ದರು, ಅದರ ಮುಂಬಾಗಿಲು ಹಾಗೇ ಇತ್ತು. ಅದನ್ನು ಗಾಡಿಯಲ್ಲಿ ತರಿಸಿ, ಚಿಲಕ ಕೀಳಿಸಿ, ಮಂಚದ ಮೇಲೆ ಹಾಕಿಸಿ, ಒಂದು ಜಮಖಾನ ಹಾಸಿದರು. ಅಮ್ಮ ಬಾಗಿಲ ಮೇಲೆ ಮಲಗಿದಳು. ನೋಡಲು ಬಂದ ನೆಂಟರು ‘ಎಂಥಾ ತೇಗ!’ ಎಂದು ಬಾಗಿಲನ್ನು ತಟ್ಟಿ ಹೊಗಳಿ ಹೋಗುತ್ತಿದ್ದರು. ಸೊಂಟದ ಎಲುಬು ಹಲಗೆಗೆ ಒತ್ತಿ, ಹೆಗಲು ಮರಗಟ್ಟಿ, ಅಮ್ಮ ಆ ಮಗ್ಗುಲಿಗೂ ಇಲ್ಲ, ಈ ಮಗ್ಗುಲಿಗೂ ಇಲ್ಲ. ನಿದ್ದೆಗೆಟ್ಟು ಅವಳ ಕಣ್ಣು ಗುಳಿ ಬಿದ್ದವು.

ಒಂದು ದಿನ ಖಾಲಾ ಒಳಗೆ ಬಂದವರೇ ಜಮಖಾನ ಎತ್ತಿ ನೋಡಿದರು.

‘ಏನಣ್ಣಾ ಇದು? ಹೆಂಗಸನ್ನ ಬಾಗ್ಲ ಮೇಲೆ ಮಲಗ್ಸಿದ್ದೀರಲ್ಲ! ನಮ್ಮನೇಲಿ ಮೇಕೇಗೂ ಗೋಣಿಚೀಲ ಹಾಸ್ತೀವಿ.’

‘ಡಾಕ್ಟ್ರು ಗಟ್ಟಿ ಅಂದ್ರು ಕಣಮ್ಮಾ. ಇದಕ್ಕಿಂತ ಗಟ್ಟಿ ಇನ್ನೇನಿದೆ?’ ಎಂದರು ಅಪ್ಪ.

ಖಾಲಾ ಜಮಖಾನದ ಅಂಚು ಕೈಬಿಟ್ಟು ಮನೆಗೆ ಹೊರಟರು. ಮಾರನೆಯ ದಿನದಿಂದ ಅವರ ಜಗಲಿಯ ಮೇಲೆ ಹೊಸ ಕೆಲಸ ಶುರುವಾಯಿತು. ಅವರ ಮನೆಯಲ್ಲಿ ಒಂದು ಪದ್ಧತಿ. ಬೇಕಾದವರಿಗೆ, ಮನೆಯ ಹೆಣ್ಣುಮಕ್ಕಳ ಮದುವೆಗೆ, ಬೂರುಗದ ಮರದ ಮೆತ್ತನೆಯ ಹತ್ತಿ ತುಂಬಿದ ಎತ್ತರದ ಹಾಸಿಗೆ ಕೊಡಬೇಕು. ತೆಳ್ಳಗಿನ ಹಾಸಿಗೆ ಕೊಟ್ಟರೆ ಅವಮಾನ ಮಾಡಿದ ಹಾಗೆ. ಅಮ್ಮ ಬೇಕಾದವಳಲ್ಲದೆ ಇನ್ನೇನು? ಹಾಗಾಗಿ ಖಾಲಾ ಮನಸಾರೆ ತುಂಬಿದರು. ಇಬ್ಬರು ಹೊತ್ತು ತಂದು ಬಾಗಿಲ ಮೇಲೆ ಹಾಕಿದಾಗ ಅದು ಬಸುರಿ ಎಮ್ಮೆಯ ಹಾಗೆ ಕಾಣುತ್ತಿತ್ತು. ಅಮ್ಮನನ್ನು ಎತ್ತಿ ಮಲಗಿಸಿದೆವು. ಮೂಗು, ಹೆಬ್ಬೆರಳು ಬಿಟ್ಟು ಮಿಕ್ಕ ಅಮ್ಮ ಕಾಣಿಸಲಿಲ್ಲ. ‘ಸ್ವರ್ಗ ಅಕ್ಕಾ’ ಎಂದಳು, ಪಾಪ.

ಬೆಳಗಾದರೆ ಅಮ್ಮ ಏಳಲೇ ಇಲ್ಲ. ಸೊಂಟ ಹತ್ತಿಯೊಳಗೆ ಹೂತು, ಬೆನ್ನು ಬಿಲ್ಲಿನಂತೆ ಬಾಗಿ, ನೋವಿಗೆ ಕಿರುಚಿಕೊಂಡಳು. ನಾಲ್ಕು ಜನ ಹಿಡಿದು ಎತ್ತಬೇಕಾಯಿತು. ಅಪ್ಪ ಹಾಸಿಗೆ ತೆಗೆದು ಗೋಡೆಗೆ ನಿಲ್ಲಿಸಿ, ಮತ್ತೆ ಜಮಖಾನ ಹಾಸಿದರು. ಬೆಂಗಳೂರಿಗೆ ಹೋಗುವ ಮಾತು ಅಂದೇ ಗಟ್ಟಿಯಾಗಿ ಶುರುವಾದದ್ದು. ಅಮ್ಮ ಗೋಡೆ ಕಡೆ ಮುಖ ತಿರುಗಿಸಿ, ‘ನನ್ನ ಕುಯ್ಸಬೇಡ್ರಿ’ ಎಂದು ಅಳುತ್ತಿದ್ದಳು. ಆ ಮಾತು ಈಗಲೂ ಕಿವಿಯಲ್ಲಿದೆ.

ಖಾಲಾ ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಜಗಲಿಯ ಮೇಲೂ ಕಾಣಿಸುತ್ತಿರಲಿಲ್ಲ. ಸಾರಿನ ಹುಳಿಯ ಬಗ್ಗೆ ಹೇಳುವವರಿಲ್ಲದೆ ಬೀದಿಯೇ ಬಿಕೋ ಎನ್ನುತ್ತಿತ್ತು...

ನಾನೇ ಹೋಗಿ ಕರೆದೆ. ‘ಖಾಲಾ, ಅಮ್ಮ ನಿಮ್ಮನ್ನ ಕೇಳ್ತಾವ್ಳೆ, ಬನ್ನಿ’ ಎಂದೆ. ಕೇಳಿದ್ದಳೋ ಇಲ್ಲವೋ, ಹೇಳಿದೆ. ಅವರು ಬಂದರು. ಆದರೆ ಅಮ್ಮನನ್ನು ಮಾತಾಡಿಸುವ ಬದಲು, ಅವಳನ್ನು ಕುರ್ಚಿಗೆ ಕೂರಿಸಿ, ತಾವೇ ಬಾಗಿಲ ಮೇಲೆ ಮಲಗಿಬಿಟ್ಟರು! ಸುಮಾರು ಹೊತ್ತು ಹಾಗೇ ಬಿದ್ದಿದ್ದು, ನರಳುತ್ತ ಎದ್ದು, ಗೋಡೆಗೆ ನಿಲ್ಲಿಸಿದ್ದ ತಮ್ಮ ಹಾಸಿಗೆಯನ್ನು ನೆಲಕ್ಕೆ ಕೆಡವಿಸಿ ಅದರ ಮೇಲೂ ಮಲಗಿದರು. ನಾನು ಕೈ ಕೊಟ್ಟು ಎಬ್ಬಿಸಬೇಕಾಯಿತು.

‘ಇಷ್ಟು ವರ್ಷ ಹೊಲ್ದೆ, ಒಂದು ದಿನ ಮಲಗಿ ನೋಡ್ಲಿಲ್ಲ ನೋಡು’ ಎಂದರು. ‘ಅಣ್ಣಂದೂ ತಪ್ಪು, ನಂದೂ ತಪ್ಪು. ಅಂಗಳಕ್ಕೆ ತಗೊಂಡ್ ಬಾರಮ್ಮ ಇದನ್ನ.’

ಅಂಗಳದಲ್ಲಿ ಹಾಸಿಗೆಯ ಹೊಲಿಗೆ ಬಿಚ್ಚಿದರು. ಬೂರುಗದ ಹತ್ತಿಯನ್ನೆಲ್ಲ ಹೊರಗೆ ಎಳೆದು ಹಾಕಿ, ಮಾಮೂಲಿ ಹತ್ತಿಯನ್ನು ಒತ್ತಿ ಒತ್ತಿ ತುಂಬಿದರು. ಮದುವೆ ಹಾಸಿಗೆಗೆ ದೂರ ದೂರ ಹಾಕುವ ಹೊಲಿಗೆಯನ್ನು ಈಗ ಒತ್ತೊತ್ತಾಗಿ ಹಾಕುತ್ತ ಬಂದರು. ನಡುನಡುವೆ ಅಮ್ಮನನ್ನು ಮಲಗಿಸಿ, ಸೊಂಟದ ಕೆಳಗೆ ಅಂಗೈ ತೂರಿಸಿ ನೋಡುವರು. ಕೈ ಸಲೀಸಾಗಿ ಹೋದರೆ ಹಲಗೆಯಷ್ಟು ಗಟ್ಟಿ, ಹೋಗದೇ ಇದ್ದರೆ ಬೆನ್ನು ಹೂತುಹೋಗಿದೆ ಎಂದು ಅವರ ಲೆಕ್ಕ. ಒಂದಿಷ್ಟು ಹತ್ತಿ ಕೀಳುವುದು, ಒಂದಿಷ್ಟು ತುರುಕುವುದು. ‘ಸೊಂಟ ಹೆಂಗಿದೆ ಈಗ? ಭುಜ ಒತ್ತತ್ತಾ?’ ಎಂದು ಕೇಳುವುದು. ಬೀದಿಯವರೆಲ್ಲ ಬೇಲಿಯಾಚೆ ನಿಂತು ಸಲಹೆ ಕೊಟ್ಟರು, ಖಾಲಾ ಎಲ್ಲರನ್ನೂ ಬೈದು ಓಡಿಸಿದರು.

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಮತ್ತೊಮ್ಮೆ ಮಲಗಿಸಿದರು. ಕೈ ಬಿಗಿಯಾಗಿ ಹೋಯಿತು. ‘ಈಗ?’ ಎಂದು ಕೇಳಿದರು. ಅಮ್ಮ ಉತ್ತರ ಕೊಡಲಿಲ್ಲ. ಖಾಲಾ ಬಗ್ಗಿ ನೋಡಿದರು, ನಾನೂ ಬಗ್ಗಿ ನೋಡಿದೆ. ಅಮ್ಮ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಹಾಸಿಗೆಯ ಒಂದು ಅಂಚು ಇನ್ನೂ ಬಿಚ್ಚಿಯೇ ಇತ್ತು, ಸೂಜಿ ಅದರಲ್ಲೇ ಸಿಕ್ಕಿಕೊಂಡಿತ್ತು. ಖಾಲಾ ಅದನ್ನು ಮೆಲ್ಲಗೆ ಎಳೆದುಕೊಂಡು ಬಾಯಿಯ ಮೇಲೆ ಬೆರಳಿಟ್ಟರು.

ಆಮೇಲೆ ಆ ಬೀದಿಯಲ್ಲಿ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಸೊಪ್ಪಿನವಳು ಕೂಗದ ಹಾಗೆ ಖಾಲಾ ಅವಳ ಬುಟ್ಟಿಯನ್ನೇ ಹಿಡಿದು ನಿಲ್ಲಿಸಿದರು. ಕಚೇರಿಯಿಂದ ಬಂದ ಅಪ್ಪ ಸೈಕಲ್ ಸ್ಟ್ಯಾಂಡ್ ಹಾಕಲು ಹೋದಾಗ, ‘ಸದ್ದು ಮಾಡ್ಬೇಡಿ ಅಣ್ಣಾ, ಮಲಗವ್ರೆ’ ಎಂದು ಪಿಸುಗುಟ್ಟಿದರು. ಅಪ್ಪ ಸೈಕಲ್ ಹಿಡಿದುಕೊಂಡೇ ಗೇಟಿನಲ್ಲಿ ನಿಂತರು. ನಿಂತಲ್ಲೇ ಅವರ ಕಣ್ಣಲ್ಲಿ ನೀರು ಇಳಿಯಿತು. ನಮ್ಮೆಲ್ಲರ ಎದೆಯ ಮೇಲಿನ ಭಾರ ಅವತ್ತು ಇಳಿದುಹೋಯಿತು. ಅಂಥ ನೆಮ್ಮದಿಯನ್ನು ಆಮೇಲೆ ನಾನು ಕಂಡದ್ದು ಕಡಿಮೆ.

ತಿಂಗಳು ತುಂಬಿದಾಗ ಅಮ್ಮ ನಡೆದುಕೊಂಡೇ ಡಾಕ್ಟರ ಬಳಿಗೆ ಹೋದಳು. ಆಪರೇಷನ್ ಬೇಡ ಎಂದರು ಅವರು. ಬಾಗಿಲಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ‘ನಾನು ಹಾಸಿಗೆ ಅಂದಿದ್ದೆ ಸ್ವಾಮಿ, ಬಾಗಿಲು ಅಂತ ಯಾವಾಗ ಅಂದೆ?’ ಎಂದರು.

ನಾನು ಮದುವೆಯಾಗಿ ಚಿಂತಾಮಣಿಗೆ ಹೋದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಖಾಲಾ ಹೋಗಿಬಿಟ್ಟರು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ಅಮ್ಮ ಜಗಲಿಯ ಮೇಲೆ ಕೂತಿದ್ದಳು. ‘ಕೆಳಗೆ ಒಂದು ಹಾಸಿಗೇನೂ ಹಾಕಲ್ವಂತೆ ಕಣೇ, ಬರೀ ಮಣ್ಣಂತೆ’ ಎಂದಳು. ಆಮೇಲೆ ತುಂಬ ಹೊತ್ತು ನನ್ನ ಕೈ ಬಿಡಲಿಲ್ಲ. ಅವಳು ಅದಾದಮೇಲೂ ಬಹಳ ವರ್ಷ ಬದುಕಿದಳು, ಬೆನ್ನು ನೆಟ್ಟಗಿಟ್ಟುಕೊಂಡೇ...

ಚಿಕ್ಕಬಳ್ಳಾಪುರದ ಅಂಗಡಿಯ ಹೆಂಗಸು ನನಗಾಗಿ ಒಂದೊಂದೇ ಹಾಸಿಗೆ ಕೆಡವಿ ತೋರಿಸಿದರು. ನಾನು ಚಪ್ಪಲಿ ಬಿಟ್ಟು ಎಲ್ಲದರ ಮೇಲೂ ಮಲಗಿದೆ, ಮಗ್ಗುಲು ಬದಲಿಸಿದೆ, ನಾಚಿಕೆಯಿಲ್ಲದೆ ಕಣ್ಣು ಮುಚ್ಚಿದೆ. ಕಡೆಗೆ ಒಂದು ಒಪ್ಪಿತು, ಮೆತ್ತಗೂ ಅಲ್ಲದ್ದು, ಬಿರುಸೂ ಅಲ್ಲದ್ದು. ಎದ್ದು ಕೂತಾಗ ಸೊಂಟ ಗೊಣಗಲಿಲ್ಲ.

‘ಎಲ್ಲಾರೂ ಒತ್ತಿ ನೋಡಿ ತಗೊಂಡ್ ಹೋಗ್ತಾರೆ. ನೀವು ಇಷ್ಟ್ ಹೊತ್ತು ಮಲಗಿ ನೋಡಿದ್ರಲ್ಲಾ, ಯಾರು ಹೇಳ್ಕೊಟ್ಟಿದ್ದು?’ ಎಂದು ಕೇಳಿದರು ಆಕೆ.

‘ನಮ್ಮ ದೊಡ್ಡಮ್ಮ’ ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಅದೇ ಬಂತು. ಖಾಲಾ ಇದ್ದಾಗ ಒಮ್ಮೆಯೂ ಅವರನ್ನು ಹಾಗೆ ಕರೆದಿರಲಿಲ್ಲ.