ಊದದೆ ನುಡಿಸಿದ ಕ್ಲಾರಿನೆಟ್

ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಗಿಲ್ಬರ್ಟ್ಸ್ ಗ್ಯಾಪ್ ಎಂಬ ಊರಿನಲ್ಲಿ ಥೆಕ್ಲಾ ಹುಡಾಕ್‌ಳನ್ನು ಅರಿಯದವರಿರಲಿಲ್ಲ. ಇಪ್ಪತ್ತು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಕಾಲರು ಹೊಲಿದವಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಲಿಯೋ ಬ್ರಾನಿಗನ್‌ನ ಕೇಬಲ್ ಆಫೀಸಿನಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದಳು. ಲಿಯೋ ಅವಳ ಜೊತೆ ಶಾಲೆಯಲ್ಲಿ ಓದಿದವನೇ. ಮೊದಲು ಟಿ.ವಿ. ಪೆಟ್ಟಿಗೆ ಮಾರುತ್ತಿದ್ದ. ಸುತ್ತಲೂ ಬೆಟ್ಟವಿದ್ದ ಊರಿನಲ್ಲಿ ಚಿತ್ರ ಮೂಡದಿದ್ದರೆ ಪೆಟ್ಟಿಗೆ ಕೊಳ್ಳುವವರು ಯಾರು? ಬೆಟ್ಟದ ತಲೆಯ ಮೇಲೆ ಆಂಟೆನಾ ನೆಟ್ಟು, ಅಲ್ಲಿಂದ ತಂತಿ ಎಳೆದು, ಊರಿಗೆಲ್ಲ ಹನ್ನೆರಡು ಚಾನೆಲ್ ಕೊಟ್ಟ.

ಹನ್ನೆರಡನೆಯದು ಊರಿನದೇ. ಹೊತ್ತೆಲ್ಲ ಅದರಲ್ಲಿ ಒಂದು ಗಡಿಯಾರ, ಒಂದು ಥರ್ಮಾಮೀಟರು. ಕ್ಯಾಮೆರಾ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಕತ್ತು ತಿರುಗಿಸುತ್ತ ಇರುತ್ತಿತ್ತು. "ಶನಿವಾರ ಸಂಜೆಯಾದ್ರೂ ಮನುಷ್ಯರ ಮುಖ ತೋರಿಸೋ ಮಾರಾಯ" ಎಂದು ಥೆಕ್ಲಾ ಒಮ್ಮೆ ಅಂದಳು. "ತೋರಿಸು, ಕ್ಯಾಮೆರಾ ಅಲ್ಲೇ ಇದೆ" ಎಂದ ಲಿಯೋ. ಹಾಗೆ ಶುರುವಾಯಿತು ಪೋಲ್ಕಾ ಎಂಬ ಕುಣಿತದ ಹಾಡುಗಳ ಶನಿವಾರದ ಕಾರ್ಯಕ್ರಮ.

ಮೊದಲ ವಾರಕ್ಕೆ ಅವಳು ಕರೆದದ್ದು ಗಂಡನನ್ನೇ. ವಾಸಿಲ್ ಹುಡಾಕ್‌ನ ಕ್ಲಾರಿನೆಟ್ ಇಲ್ಲದೆ ಆ ಕಣಿವೆಯಲ್ಲಿ ಒಂದು ಮದುವೆಯೂ ನಡೆದಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಗಣಿಯ ಧೂಳು ಅವನ ಶ್ವಾಸಕೋಶದಲ್ಲಿ ಮನೆ ಮಾಡಿತ್ತು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ವಾದ್ಯದ ಪೆಟ್ಟಿಗೆಯನ್ನು ಅವನು ಮಂಚದ ಕೆಳಗೆ ತಳ್ಳಿ ಎರಡು ವರ್ಷವಾಗಿತ್ತು.

"ಊದೋಕೆ ಉಸಿರೆಲ್ಲಿದೆ? ತಮಾಷೆ ಮಾಡ್ತೀಯಾ?" ಎಂದು ಅವನು ಮುಖ ತಿರುಗಿಸಿದ.

"ಊದು ಅಂತ ಯಾರು ಹೇಳಿದ್ರು? ನಿಮ್ಮ ಬ್ಯಾಂಡಿನ ಹಳೇ ರೆಕಾರ್ಡು ನಾನು ಹಾಕ್ತೀನಿ. ನೀನು ಬೆರಳಾಡಿಸು. ಬೆರಳಿಗೇನು ಆಗಿದೆ?"

"ಮೋಸ ಅಲ್ವೇನೇ ಅದು?"

"ರೆಕಾರ್ಡಲ್ಲಿ ಊದಿರೋನು ಯಾರು? ನಿಮ್ಮಪ್ಪನಾ?"

ಬೆರಳುಗಳು ಏನನ್ನೂ ಮರೆತಿರಲಿಲ್ಲ. ಆಫೀಸಿನ ಹಿಂದಿನ ಗ್ಯಾರೇಜಿನಲ್ಲಿ ಪರದೆ ಕಟ್ಟಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಅವಳು ಗಂಡನನ್ನು ನಿಲ್ಲಿಸಿದಳು. ರೆಕಾರ್ಡು ತಿರುಗಿತು. ಅವನು ತುಟಿಗಿಟ್ಟುಕೊಂಡು, ಹುಬ್ಬು ಏರಿಸಿ, ಪಾದ ತಟ್ಟುತ್ತ ನುಡಿಸಿಯೇಬಿಟ್ಟ. ಮಾರನೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಹಿ ಕಡುಬಿನ ಅಂಚು ಒತ್ತುತ್ತಿದ್ದ ಹೆಂಗಸರೆಲ್ಲ, "ವಾಸಿಲ್‌ಗೆ ಗುಣ ಆಯ್ತಂತಲ್ಲ!" ಎಂದರು. ಥೆಕ್ಲಾ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡು ಸುಮ್ಮನೆ ನಕ್ಕಳು.

ಗುಟ್ಟೇನೂ ಬಹಳ ದಿನ ಉಳಿಯಲಿಲ್ಲ, ಯಾರಿಗೂ ಬೇಸರವೂ ಆಗಲಿಲ್ಲ. ಪಕ್ಕದೂರಿನ ಬ್ಯಾಂಡಿನವರೂ ತಮ್ಮ ರೆಕಾರ್ಡು ಹಿಡಿದು ಬಂದರು. ಗ್ಯಾರೇಜಿನಲ್ಲಿ ಡ್ರಮ್ಮು ಹಿಡಿಸದಿದ್ದಾಗ ಥೆಕ್ಲಾ ಅವರನ್ನೆಲ್ಲ ಗಣಿಯ ಕಸ ಸುರಿದ ಕರಿಗುಡ್ಡೆಯ ಮೇಲೆ ಹತ್ತಿಸಿದಳು. ಗಾಳಿಗೆ ಟೈ ಹಾರುತ್ತಿತ್ತು. ಅಕಾರ್ಡಿಯನ್ ನುಡಿಸುವವನ ಬೂಟಿನ ಕೆಳಗೆ ಕಲ್ಲಿದ್ದಲ ಚೂರು ಜಾರುತ್ತಿತ್ತು. ಸದ್ದು ಮಾತ್ರ ರೆಕಾರ್ಡಿನದು, ಚೊಕ್ಕಟ. ಊರಿನವರು ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನೋಡಿದರು. ಏಳು ವರ್ಷ ಹೀಗೇ ನಡೆಯಿತು.

ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಗೆಯಲ್ಲಿ ಆಫೀಸಿನ ಫೋನಿಗೆ ಹುಚ್ಚು ಹಿಡಿಯಿತು. ಎತ್ತಿದರೆ ಸಾಕು, ಯಾವುದೋ ಹುಡುಗನೋ ಹುಡುಗಿಯೋ: "ನಮ್ಗೆ ಎಂಟಿವಿ ಯಾವಾಗ ಕೊಡ್ತೀರಿ?" ನ್ಯೂಯಾರ್ಕಿನವರು ಹಿಂದಿನ ವರ್ಷ ಶುರುಮಾಡಿದ್ದ ಚಾನೆಲ್ ಅದು. ಬರೀ ಹಾಡು, ಬೆಳಗೂ ರಾತ್ರಿಯೂ. ಉಪಗ್ರಹದಿಂದ ಇಳಿಸಿಕೊಳ್ಳುವ ದೊಡ್ಡ ತಟ್ಟೆಯನ್ನು ಲಿಯೋ ಆಗಲೇ ಬೆಟ್ಟದ ಮೇಲೆ ಕೂರಿಸಿದ್ದ. ಇಲ್ಲದ್ದು ಆ ಹನ್ನೆರಡು ಚಾನೆಲ್‌ಗಳ ನಡುವೆ ಜಾಗ.

ಒಂದು ಬೆಳಿಗ್ಗೆ ಅವನು ಥೆಕ್ಲಾಳ ಮೇಜಿನ ಮುಂದೆ ಬಂದು ನಿಂತು, ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ.

"ಹನ್ನೆರಡನ್ನೇ ಕೊಡ್ಬೇಕು ಥೆಕ್ಲಾ. ಬೇರೆ ಯಾವ್ದನ್ನ ತೆಗೀಲಿ?"

"ಶನಿವಾರ ಒಂದು ಗಂಟೆ ನನಗೆ ಬಿಡು. ಮಿಕ್ಕಿದ್ದೆಲ್ಲ ಅವರದ್ದೇ ಆಗ್ಲಿ."

"ಮಧ್ಯೆ ಕತ್ತರಿಸಿದ್ರೆ ಹುಡುಗರು ಆಫೀಸಿಗೆ ಕಲ್ಲು ಹೊಡೀತಾರೆ."

"ತೆಗೆದ್ರೆ ಮುದುಕಿಯರು ಹೊಡೀತಾರೆ. ಅವರ ಗುರಿ ಚೆನ್ನಾಗಿದೆ."

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಭಾನುವಾರ ಪಾದ್ರಿಗಳು ಪೂಜೆ ಮುಗಿಸಿ ಅದನ್ನೇ ಎತ್ತಿದರು. ಪೋಲ್ಕಾ ಹೋದರೆ ಕೇಬಲನ್ನೇ ಕಿತ್ತುಹಾಕುತ್ತೇವೆಂದು ಅರ್ಧ ಊರು ಹೇಳಿತು. ಲಿಯೋನ ಮುಖ ಸಣ್ಣಗಾಯಿತು. ಕೊನೆಗೆ, "ನೀನೇ ಹೇಳು. ನೀನು ಬೇಡ ಅಂದ್ರೆ ತರೋದಿಲ್ಲ. ಆದ್ರೆ ಒಂದ್ಸಲ ಬೆಟ್ಟಕ್ಕೆ ಬಂದು ಅದು ಏನು ಅಂತ ನೋಡು" ಎಂದ.

ವಾಸಿಲ್ ತಾನೂ ಬರುತ್ತೇನೆಂದು ಹಟ ಹಿಡಿದ. ಅವನಿಗೀಗ ಬಿಟ್ಟಿರಲಾಗದ ಆಮ್ಲಜನಕದ ಸಿಲಿಂಡರನ್ನು ಲಿಯೋನ ಟ್ರಕ್ಕಿನಲ್ಲಿ ಮಗುವಿನಂತೆ ನಡುವೆ ಕೂರಿಸಿಕೊಂಡು ಮೂವರೂ ಹೊರಟರು. ಬೆಟ್ಟದ ಮೇಲಿನ ಸಣ್ಣ ಶೆಡ್ಡಿನಲ್ಲಿ ಯಂತ್ರಗಳು ಗುಂಯ್ಗುಡುತ್ತಿದ್ದವು. ಲಿಯೋ ಒಂದು ಪುಟ್ಟ ಟಿ.ವಿ. ಹಚ್ಚಿದ.

ಕೂದಲನ್ನು ಮುಳ್ಳುಹಂದಿಯ ಹಾಗೆ ನಿಲ್ಲಿಸಿಕೊಂಡವನೊಬ್ಬ ಹೊಗೆಯ ನಡುವೆ ಹಾಡುತ್ತಿದ್ದ. ಥೆಕ್ಲಾ ತುಟಿ ಬಿಗಿದು ನೋಡಿದಳು. ಅದಾದ ಮೇಲೆ ಇನ್ನೊಂದು ಹಾಡು. ಒಂದು ಮಾಳಿಗೆಯ ಮೇಲೆ ನಾಲ್ವರು. ಅವರಲ್ಲೊಬ್ಬ ಸ್ಯಾಕ್ಸೊಫೋನು ಹಿಡಿದು ಬಳುಕುತ್ತಿದ್ದ. ವಾಸಿಲ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ಲೇ ಥೆಕ್ಲಾ, ಅವನ ಕೆನ್ನೆ ನೋಡು! ಉಬ್ಬೇ ಇಲ್ಲ! ಬೆರಳೆಲ್ಲೋ, ರಾಗ ಎಲ್ಲೋ!" ಅವನು ತೊಡೆ ತಟ್ಟಿಕೊಂಡು ನಕ್ಕ. ನಗು ಕೆಮ್ಮಿಗೆ ತಿರುಗಿತು. ಅವಳು ಬೆನ್ನು ನೀವಿದಳು. ಕಣ್ಣೊರೆಸಿಕೊಂಡು ಅವನೆಂದ: "ಪಾಪ, ಇವ್ರೆಲ್ಲ ನನ್ನ ಕಾಯಿಲೆಯವ್ರೇ ಕಣೇ."

ಥೆಕ್ಲಾಳಿಗೂ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಗಂಡ ಹೀಗೆ ನಕ್ಕದ್ದನ್ನು ಅವಳು ಕಂಡಿದ್ದಳು. ಇಳಿಯುವ ದಾರಿಯಲ್ಲಿ, "ಏನು ಮಾಡೋಣ?" ಎಂದು ಮೆಲ್ಲಗೆ ಕೇಳಿದಳು.

"ಏಳು ವರ್ಷ ಊದದೇ ನುಡಿಸಿದೆ. ಸಾಕಾಯ್ತು. ಇನ್ನು ಕೂತು ಬೇರೆಯವ್ರು ಮಾಡೋದನ್ನ ನೋಡ್ತೀನಿ. ಆದ್ರೆ ಕೊನೇ ಶನಿವಾರ ರೆಕಾರ್ಡು ಬೇಡ. ನಾನೇ ಊದ್ತೀನಿ."

"ತಲೆ ಕೆಟ್ಟಿದೆ ನಿನಗೆ."

"ಒಂದೇ ಒಂದು ಹಾಡು, ಥೆಕ್ಲಾ."

ಡಾಕ್ಟರು ಬೇಡವೆಂದರು. ಅವಳೂ ಬೇಡವೆಂದಳು, ಅತ್ತಳು, ಒಂದು ದಿನ ಮಾತು ಬಿಟ್ಟಳು. ಅವನು ಮಾತ್ರ ಪ್ರತಿ ಬೆಳಿಗ್ಗೆ ಕಿಟಕಿಯ ಬಳಿ ಕೂತು, ಕ್ಲಾರಿನೆಟ್‌ನ ಬಾಯಿಗೆ ಕಟ್ಟುವ ಹೊಸ ರೀಡಿನ ಪಟ್ಟಿಯನ್ನು ನಾಲಿಗೆಯಲ್ಲಿ ನೆನೆಸಿ, ಒಂದೊಂದೇ ಸ್ವರ ಹಿಡಿದು ನೋಡಿದ.

ಕೊನೆಯ ಶನಿವಾರ ಗ್ಯಾರೇಜಿನ ಹೊರಗೆ ಜನ ಕಿಕ್ಕಿರಿದಿದ್ದರು. ಪರದೆಯ ಮುಂದೆ ಕುರ್ಚಿ ಹಾಕಿ ವಾಸಿಲ್ ಕೂತ. ಮೂಗಿನ ನಳಿಕೆಯನ್ನು ತಾನೇ ತೆಗೆದು ಮಡಿಲಲ್ಲಿಟ್ಟುಕೊಂಡ. ಪೋಲ್ಕಾ ನುಡಿಸಲಿಲ್ಲ. ಅವನ ತಾಯಿ ತೊಟ್ಟಿಲು ತೂಗುವಾಗ ಹಾಡುತ್ತಿದ್ದ ರಾಗವೊಂದನ್ನು ತೀರ ನಿಧಾನವಾಗಿ ಎತ್ತಿಕೊಂಡ. ಮೊದಲ ಸಾಲು ನೇರವಾಗಿ ಬಂತು. ಎರಡನೆಯದರಲ್ಲಿ ದನಿ ಸೀಳಿತು. ಅವನು ನಿಲ್ಲಿಸಿ ಉಸಿರು ತುಂಬಿಕೊಂಡ. ಆ ಎಳೆತ ಮನೆಮನೆಯಲ್ಲಿ ಕೇಳಿಸಿತು. ಥೆಕ್ಲಾಳಿಗೆ ಕ್ಯಾಮೆರಾ ಬಿಟ್ಟು ಓಡಬೇಕೆನಿಸಿತು. ಓಡಲಿಲ್ಲ. ಕ್ಯಾಮೆರಾವನ್ನು ಅವನ ಬೆರಳಿನಿಂದ ಮುಖಕ್ಕೆ ತಿರುಗಿಸಿದಳು. ಕೆನ್ನೆ ಉಬ್ಬಿತ್ತು. ಮೂರನೆಯ ಸಾಲೂ ಬಂತು, ನಾಲ್ಕನೆಯದೂ. ಕೊನೆಯ ಸ್ವರ ಬರೀ ಗಾಳಿಯಾಗಿ ಹೋಯಿತು. ವಾದ್ಯ ಇಳಿಸಿ ಅವನು ಕ್ಯಾಮೆರಾದ ಹಿಂದಿದ್ದ ಹೆಂಡತಿಯನ್ನು ನೋಡಿ ಕಣ್ಣು ಮಿಟುಕಿಸಿದ.

ಸೋಮವಾರ ಹನ್ನೆರಡರಲ್ಲಿ ಹೊಸ ಚಾನೆಲ್ ಬಂತು. ಕೇಬಲನ್ನು ಯಾರೂ ಕೀಳಲಿಲ್ಲ. ತಾಯಂದಿರು ಫೋನು ಮಾಡಿ, "ಅದೇನು ಬಟ್ಟೆ ಅವು!" ಎಂದು ಬೈದರೆ, "ನೋಡಿಬಿಟ್ರಾ ನೀವೂ?" ಎಂದು ಥೆಕ್ಲಾ ಕೇಳುವಳು. ವಾಸಿಲ್ ಹಗಲೆಲ್ಲ ಅದರ ಮುಂದೆ ಕೂತು, ಯಾರು ನಿಜಕ್ಕೂ ನುಡಿಸಬಲ್ಲವರು, ಯಾರು ಬರೀ ಬಳುಕುವವರು ಎಂದು ವಿಂಗಡಿಸುತ್ತಿದ್ದ. ನೀಲಿ ಕೋಟಿನ ಒಬ್ಬ ಡ್ರಮ್ಮಿನ ಹುಡುಗಿಯೆಂದರೆ ಅವನಿಗೆ ಅಚ್ಚುಮೆಚ್ಚು. ಒಂದೂವರೆ ವರ್ಷ ಬದುಕಿದ. ಹಿಮ ಕರಗುವ ಹೊತ್ತಿಗೆ, ಕುರ್ಚಿಯಲ್ಲಿ ಕೂತಂತೆಯೇ ಹೋದ.

ಆ ವರ್ಷದ ಬೇಸಗೆಯಲ್ಲಿ ಅಗ್ನಿಶಾಮಕ ದಳದವರ ಹಾಲಿನಲ್ಲಿ ಕುಣಿತವಿತ್ತು. ಥೆಕ್ಲಾ ಬ್ಲೀನಿ ಎಂಬ ಆಲೂಗಡ್ಡೆಯ ದೋಸೆ ಕರಿಯುವ ಬಾಣಲೆಯ ಹಿಂದೆ ನಿಂತಿದ್ದಳು. ಲಿಯೋನ ಹೆಂಡತಿ ಪೆಗ್ ಬಂದು ಅವಳ ಕೈಯಿಂದ ಸಟ್ಟುಗ ಕಿತ್ತುಕೊಂಡಳು.

"ಬಾ, ಒಂದು ಸುತ್ತು."

"ನನಗೆಲ್ಲಿ ಬರುತ್ತೆ? ಗಂಡ ಯಾವಾಗ್ಲೂ ವೇದಿಕೆ ಮೇಲೆ. ಮದುವೆಯಾದ ಮೇಲೆ ಕುಣಿದೇ ಇಲ್ಲ ನಾನು."

"ಹಾಗಾದ್ರೆ ತುಂಬಾ ಬಾಕಿ ಇದೆ, ನಡಿ."

ಮೊದಲ ಸುತ್ತಿನಲ್ಲಿ ಥೆಕ್ಲಾ ಪೆಗ್‌ಳ ಕಾಲು ತುಳಿದಳು. ಎರಡನೆಯದಕ್ಕೆ ಹೆಜ್ಜೆ ಕೂಡಿತು. ಮೂರನೆಯ ಹಾಡು ಶುರುವಾದಾಗ, ಬಾಣಲೆಯಲ್ಲಿ ಬ್ಲೀನಿ ಹೊತ್ತುತ್ತಿದೆಯೆಂದು ಯಾರೋ ಕೂಗಿದರು. ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆಸೆದು, ಮತ್ತೊಂದು ಸುತ್ತಿಗೆ ಹೊರಳಿದಳು.