ಹನ್ನೆರಡನೇ ನಂಬರಿನ ಬಸ್ಸಿನ ವೆರ್ನಾ

ವೆರ್ನಾ ಹಚೆಕ್ ಇಪ್ಪತ್ತಾರು ವರ್ಷಗಳಿಂದ ಹಾಲ್ಸಿ ಶಾಲಾ ಜಿಲ್ಲೆಯ ಹನ್ನೆರಡನೇ ನಂಬರಿನ ಹಳದಿ ಬಸ್ಸು ಓಡಿಸುತ್ತಿದ್ದಾರೆ. ಒಂದು ಮಂಡಿ ಬದಲಾಯಿಸಿಕೊಂಡಿದ್ದಾರೆ, ಇನ್ನೊಂದನ್ನು ಪ್ರತಿ ವರ್ಷವೂ ಮುಂದಿನ ಬೇಸಿಗೆ ರಜೆಗೆ ತಳ್ಳುತ್ತಾರೆ. ಯಾವ ಮಗು ತಿಂಡಿ ತಿನ್ನದೆ ಬಂದಿದೆ ಎಂದು ಅದು ಬಸ್ಸಿನ ಮೆಟ್ಟಿಲು ಹತ್ತುವ ರೀತಿಯಲ್ಲೇ ಅವರಿಗೆ ತಿಳಿಯುತ್ತದೆ. ಅವರ ಪರಿಚಯ ನನಗಾದದ್ದು ನನ್ನ ಜಾಣತನದಿಂದ.

ಅಮ್ಮನಿಗೆ ಒಹಾಯೋದ ಈ ಭಾಗದ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಸಿಕ್ಕಾಗ ಮನೆ ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಮನೆ ಯಾವ ಶಾಲಾ ಜಿಲ್ಲೆಯಲ್ಲಿದೆಯೋ ಮಗು ಅಲ್ಲಿನ ಶಾಲೆಗೇ ಹೋಗಬೇಕು. ನನ್ನ ತಂಗಿ ಟೆಸ್‌ಗೆ ಎಂಟು ವರ್ಷ, ಮಾತು ತೊದಲುತ್ತದೆ. ಹಾಲ್ಸಿಯಲ್ಲಿ ಮಾತು ತಿದ್ದುವ ಟೀಚರ್ ವಾರದ ಐದೂ ದಿನ ಇರುತ್ತಾರೆ, ಪಕ್ಕದ ಬ್ರೈಯರ್ಟನ್‌ನಲ್ಲಿ ಗುರುವಾರ ಮಾತ್ರ. ಇದೇ ತೊದಲಿನಿಂದ ತರಗತಿಯಲ್ಲಿ ಬಾಯಿ ತೆರೆಯಲು ಹೆದರಿ ಹೋದ ವರ್ಷ ಹದಿನಾರಕ್ಕೇ ಶಾಲೆ ಬಿಟ್ಟವಳು ನಾನು. ಟೆಸ್ ನನ್ನಂತಾಗಬಾರದು ಎಂದು, ಶಾಲೆ ಬಿಟ್ಟವಳೇ ಶಾಲೆ ಆರಿಸಲು ಕುಳಿತೆ. ಮೂರು ವಾರ ಸ್ಕೇಲಿಟ್ಟು ಗೆರೆ ಎಳೆದು ಪಟ್ಟಿ ಮಾಡಿದೆ. ಎರಡೂ ಶಾಲೆಗಳ ಮೈದಾನದ ಜೋಕಾಲಿಗಳನ್ನೂ ಎಣಿಸಿದೆ. ಕೊನೆಗೆ ವಿಳಾಸದಲ್ಲಿ ಹಾಲ್ಸಿ ಎಂದಿದ್ದ ಬಾಡಿಗೆ ಮನೆಯೊಂದು ಸಿಕ್ಕಿತು. ಸೋಮವಾರ ಅಮ್ಮ ಸಹಿ ಹಾಕಬೇಕಿತ್ತು. ಭಾನುವಾರ ನಾನು, ಆಗಲೇ ಹೊಲಿಸಿಟ್ಟಿದ್ದ ಪರದೆಗೆಂದು ಕಿಟಕಿಗಳನ್ನು ಇನ್ನೊಮ್ಮೆ ಅಳೆಯಲು ಹೋದೆ.

ಎದುರು ಮನೆಯ ಜಗಲಿಯಲ್ಲಿ ವೆರ್ನಾ ಕಾಫಿ ಕುಡಿಯುತ್ತಿದ್ದರು.

“ಟೇಪ್ ಹಿಡ್ಕೊಂಡ್ ಬಂದಿದೀಯ, ಮನೇನೇ ಹೊತ್ಕೊಂಡ್ ಹೋಗ್ತೀಯೇನಮ್ಮಾ?”

ಉತ್ತರ ಹೇಳುವುದಕ್ಕಿಂತ ಸುಲಭವೆಂದು ರಸ್ತೆ ದಾಟಿ ಪಟ್ಟಿಯನ್ನೇ ಕೊಟ್ಟೆ. ಅವರು ಪೂರ್ತಿ ಓದಿದರು.

“ಹಾಲ್ಸೀಲಿ ಜೋಕಾಲಿ ಹನ್ನೊಂದಲ್ಲ, ಹತ್ತು. ಒಂದು ಮೊನ್ನೆ ಮುರೀತು, ತಿದ್ಕೋ. ಆದ್ರೆ ಆ ಮನೆ ಮಕ್ಕಳು ಹೋಗೋದು ಬ್ರೈಯರ್ಟನ್‌ಗೆ.”

“ವಿಳಾಸ... ಹಾಲ್ಸಿ ಅಂತಿದೆ, ಮೇಡಂ.”

“ಪೋಸ್ಟಿನೋರು ಕಾಗದ ಹಂಚ್ತಾರೆ ಮರಿ, ಮಕ್ಕಳನ್ನಲ್ಲ. ಗಡಿ ಈ ರಸ್ತೆ ನಡುವೆ ಹೋಗುತ್ತೆ. ಅದು ಆ ಕಡೆ, ನಾನು ಈ ಕಡೆ. ದಿನಾ ಅದರ ಮುಂದೇನೇ ಬಸ್ ತಿರುಗಿಸ್ತೀನಿ, ಒಂದು ಮಗೂನೂ ಹತ್ತಿಸಿಲ್ಲ.”

ಶಾಲಾ ಕಚೇರಿಯ ಫೋನ್ ನಂಬರು ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಫೋನ್ ಮಾಡುವುದು ತಪ್ಪಲಿ ಎಂದೇ ನಾನು ಆ ಪಟ್ಟಿ ಮಾಡಿದ್ದು.

ವೆರ್ನಾ ಅವರ ಮಹಡಿಯ ಕಿಟಕಿಗಳಿಗೆ ಪರದೆ ಇರಲಿಲ್ಲ. ಒಳಗೆ ಸಾಮಾನೂ ಕಾಣಲಿಲ್ಲ. ಅವರ ಕಾಫಿ ಮುಗಿಯುವವರೆಗೂ ನಿಂತೇ ಇದ್ದೆ.

“ಮೇಲ್ಗಡೆ... ಬಾಡಿಗೆಗೆ ಕೊಡ್ತೀರಾ?”

“ಇಲ್ಲಮ್ಮ. ಬಾಡಿಗೆಯೋರು ಗಲಾಟೆ ಮಾಡ್ತಾರೆ.”

“ನಾವು ಮಾತೇ ಆಡಲ್ಲ, ಮೇಡಂ.”

ಅವರು ನಕ್ಕು ನಕ್ಕು ಮಂಡಿ ಹಿಡಿದುಕೊಂಡರು. “ನಿಮ್ಮಮ್ಮನ್ನ ಕರ್ಕೊಂಡ್ ಬಾ.”

ಶಾಲೆ ಶುರುವಾದ ದಿನ, ಈಗ ನಮ್ಮದಾಗಿದ್ದ ಆ ಮಹಡಿಯ ನೆಲದವರೆಗಿನ ಕಿಟಕಿಯಿಂದ ನೋಡಿದೆ. ಬಸ್ಸಿನ ಪಕ್ಕದಿಂದ ಹೊರಚಾಚುವ ‘ನಿಲ್ಲಿ’ ಎಂಬ ಕೆಂಪು ಫಲಕ ತೆರೆದಿರುವವರೆಗೆ ಹಿಂದಿನ ಯಾವ ಕಾರೂ ಮುಂದೆ ಹೋಗುವಂತಿಲ್ಲ. ಟೆಸ್ ಮೆಟ್ಟಿಲ ಮೇಲೆ ನಿಂತು “ಗುಡ್” ಎಂಬಲ್ಲೇ ಸಿಕ್ಕಿಹಾಕಿಕೊಂಡಳು. ಏಳು ಕಾರುಗಳು ನಿಂತವು. ಒಬ್ಬ ಹಾರ್ನ್ ಹೊಡೆದ. “ಮಾರ್ನಿಂಗ್” ಬರುವವರೆಗೂ ವೆರ್ನಾ ಫಲಕ ಮುಚ್ಚಲಿಲ್ಲ.

ಆಮೇಲೆ ತಲೆ ಹೊರಹಾಕಿ ಮೇಲೆ ನೋಡಿದರು. “ನೀನೂ ಬರ್ತೀಯೇನೇ? ಸೀಟಿದೆ.”

ನಾನು ಥಟ್ಟನೆ ಪರದೆಯ ಹಿಂದೆ ಅಡಗಿದೆ. ಎದುರು ಮನೆಯ ಅಳತೆಗೆ ಹೊಲಿಸಿದ್ದ ಪರದೆ ಅದು, ಒಂದೂವರೆ ಅಡಿ ಗಿಡ್ಡ. ನನ್ನ ಕಾಲುಗಳು ಕಾಣುತ್ತಿದ್ದವೆಂದು ಸಂಜೆ ಟೆಸ್ ಹೇಳಿದಳು, ನಿಧಾನವಾಗಿ, ಪೂರ್ತಿಯಾಗಿ.