ಎದುರು ಪಾರ್ಟಿ ಓಡಿಸಿದ ವ್ಯಾನ್

ಕೋಣಂದೂರಿನ ನಾಗರಾಜ, ಸುರೇಶ ಇಬ್ಬರೂ ಪಾಲಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡ್ತಿದ್ರು. ಜಗಳವಾಗಿ, ಪಾಲು ಬಿಡಿಸಿಕೊಡಿ ಅಂತ ನಾಗರಾಜ ನನ್ನ ಹತ್ರ ಬಂದ. ದಾವಾ ಹಾಕಿ, ಕೋರ್ಟಿಂದ ತಡೆಯಾಜ್ಞೆಯನ್ನೂ ತಂದೆ. ಇನ್ನು ಸುರೇಶನ ಜೊತೆ ಮಾತು ಬೇಡ ಅಂತ ತಾಕೀತೂ ಮಾಡಿದೆ.

ವಿಚಾರಣೆ ದಿನ ತೀರ್ಥಹಳ್ಳಿ ಕೋರ್ಟಿನ ಮುಂದೆ ಶಾಮಿಯಾನ ಸಾಗಿಸೋಕೆ ಅವರಿಗಿದ್ದ ಒಂದೇ ವ್ಯಾನ್ ಬಂದು ನಿಂತಿತು. ಓಡಿಸ್ತಿದ್ದವನು ಸುರೇಶ, ಪಕ್ಕದಲ್ಲಿ ನನ್ನ ಕಕ್ಷಿದಾರ.

"ಇದೆಂತ ಮಾರಾಯ?" ಅಂದೆ.

"ತೀರ್ಪು ಬರೋ ತನಕ ವ್ಯಾನ್ ಒಬ್ರೇ ತಗೊಂಡು ಹೋಗ್ಬಾರ್ದು ಅಂತ ನೀವೇ ಆರ್ಡರ್ ತಂದ್ರಲ್ಲ ಸಾರ್. ಮದುವೆ ಮನೆಗಳಿಗೂ ಹೀಗೇ ಹೋಗ್ತಿದೀವಿ. ಆದ್ರೆ ಮಾತಾಡಿಲ್ಲ."

ಅಷ್ಟರಲ್ಲಿ ಸುರೇಶ ನಾಗರಾಜನಿಗೂ ಒಂದು ಟೀ ತಂದುಕೊಟ್ಟ, ಮಾತಾಡದೆ.

ಮಳೆಗಾಲಕ್ಕೆ ಮುಂಚೆ ಇಬ್ಬರೂ ರಾಜಿಯಾಗಿ ದಾವಾ ವಾಪಸ್ಸಾಯ್ತು. ಪಾಲುದಾರರ ಕೇಸು ಹಿಡಿಯೋ ಹೊಸ ವಕೀಲರಿಗೆ ನನ್ನ ಸಲಹೆ ಇಷ್ಟೇ: ತಡೆಯಾಜ್ಞೆ ಕೇಳೋ ಮೊದಲು, ಗಾಡಿ ಎಷ್ಟಿದೆ ಅಂತ ಕೇಳಿ.